ನಾನು ಅಮೆರಿಕದ ಹೊಟೇಲು ಯಜಮಾನನಾದದ್ದು

ಅಮೆರಿಕವನ್ನು ನಾನು ನೋಡಿಲ್ಲ, ನೋಡಬೇಕೆಂಬ ಆಸೆಯೂ ಇಲ್ಲ. ಆದರೆ ಒಂದು ಸಂಜೆ ಅಲ್ಲಿ ಹೊಟೇಲು ನಡೆಸಿದ್ದೇನೆ. ಅದೂ ಪುತ್ತಿಗೆಯ ಹತ್ತಿರದ ನಮ್ಮ ಭಜನಾ ಮಂದಿರದ ವೇದಿಕೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು. ಈಗಲೂ ಕೆಲವರು ನನ್ನನ್ನು ಬಸ್ಸಿನಲ್ಲಿ ಕಂಡರೆ ರೂಮು ಉಂಟಾ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಘಟ್ಟದ ಮೇಲಿನವರು ಇದನ್ನು ಓದುವುದಾದರೆ ಅವರಿಗೆ ಮೊದಲು ತಾಳಮದ್ದಳೆ ಏನೆಂದು ಹೇಳಬೇಕು. ಅದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ನಡುವೆ ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಬಾರಿಸುವವರು ಇರುತ್ತಾರೆ. ಎರಡು ಬದಿಯಲ್ಲಿ ಕುಳಿತವರು ಒಬ್ಬ ಕೃಷ್ಣ, ಇನ್ನೊಬ್ಬ ಕೌರವ ಆಗಿ ಮಾತಾಡುತ್ತಾರೆ. ಬರೆದು ಕೊಟ್ಟ ಮಾತು ಇಲ್ಲ. ಪದ್ಯ ಹಿಡಿದುಕೊಂಡು ಅಲ್ಲೇ ಕಟ್ಟಬೇಕು. ಕಥೆಯಲ್ಲಿ ಯಾರು ಗೆಲ್ಲುವುದೆಂದು ಎಲ್ಲರಿಗೂ ಗೊತ್ತು. ಆದರೆ ಸೋಲಬೇಕಾದವನ ಬಾಯಿ ಜೋರಿದ್ದರೆ ಗೆಲ್ಲಬೇಕಾದವನು ಬೆವರುತ್ತಾನೆ. ಜನ ಬರುವುದು ಆ ಬೆವರು ನೋಡಲಿಕ್ಕೆ.

ನನಗೆ ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು. ಬಂಟ್ವಾಳದ ಕಡೆ ಹುಟ್ಟಿದವಳು, ಮದುವೆಯಾಗಿ ಇಲ್ಲಿಗೆ ಬಂದೆ, ಬಂದ ಮೇಲೆ ಬೀಡಿ ಕಟ್ಟಿದೆ. ಬೀಡಿ ಕಟ್ಟುವವರಿಗೆ ಕೈಗೆ ಕೆಲಸ, ಕಿವಿ ಖಾಲಿ. ಆ ಖಾಲಿ ಕಿವಿಗೆ ರೇಡಿಯೋದ ತಾಳಮದ್ದಳೆ ತುಂಬಿಸಿಕೊಂಡೆ. ಹಾಗಾಗಿ ನಮ್ಮ ಊರಿನ ಹೆಂಗಸರು ಸೇರಿ ಒಂದು ತಾಳಮದ್ದಳೆಯ ತಂಡ ಕಟ್ಟಿದಾಗ ನಾನೂ ಹೋಗಿ ಕುಳಿತೆ. ಮಾತಾಡಲಿಕ್ಕೆ ಅಲ್ಲ. ಬೇರೆಯವರು ತಪ್ಪು ಮಾತಾಡಿದರೆ ಹೇಳಲಿಕ್ಕೆ. ಅದು ಯಾರಿಗೂ ಇಷ್ಟವಾಗುತ್ತಿರಲಿಲ್ಲ.

ತಂಡದ ಮುಖ್ಯಸ್ಥೆ ನನ್ನ ಸೊಸೆ. ಬೆಳ್ತಂಗಡಿಯ ಹುಡುಗಿ, ಮಿಜಾರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಅವಳ ದನಿ ಮೆತ್ತಗೆ, ಹಟ ಗಟ್ಟಿ. ಮಂದಿರದ ವಾರ್ಷಿಕೋತ್ಸವದಲ್ಲಿ ಗಂಡಸರ ತಂಡಕ್ಕೆ ಯಾವಾಗಲೂ ಸಂಜೆಯ ಸಮಯ, ದೀಪ ಹಾಕಿ, ಜನ ಕಾಫಿ ಕುಡಿದು ಬಂದ ಮೇಲೆ. ಹೆಂಗಸರ ತಂಡಕ್ಕೆ ಮಧ್ಯಾಹ್ನ ಊಟ ಮುಗಿದ ಮೇಲೆ. ಅನ್ನ, ಸಾರು, ಎರಡು ಬಗೆ ಪಾಯಸ ಉಂಡವರ ಎದುರು ಭೀಷ್ಮ ಪ್ರತಿಜ್ಞೆ ಮಾಡಿದರೆ ಯಾರಿಗೆ ಕೇಳುತ್ತದೆ? ಒಂದು ವರ್ಷ ಅಂಬೆ ಅಳುವಾಗ ಮುಂದಿನ ಸಾಲಿನಲ್ಲಿ ಒಬ್ಬರು ಗೊರಕೆ ಹೊಡೆದರು. ಚೆಂಡೆಯವಳು ಅದಕ್ಕೆ ಸರಿಯಾಗಿ ಬಾರಿಸಿದಳು ಎಂದು ನಾನು ಹೇಳಿದ್ದು ಸೊಸೆಗೆ ತಮಾಷೆಯಾಗಿ ಕಾಣಲಿಲ್ಲ.

ಆ ವರ್ಷ ಅವಳು ಮೀಟಿಂಗಿಗೆ ಹೋಗಿ ನಮಗೂ ಸಂಜೆ ಬೇಕು ಎಂದಳು. ಮಂದಿರದ ಅಧ್ಯಕ್ಷರು ಗಲ್ಫಿನಲ್ಲಿ ತುಂಬ ವರ್ಷ ಇದ್ದು ಬಂದವರು, ಕೆಟ್ಟವರಲ್ಲ, ಆದರೆ ಯಾರು ಏನು ಕೇಳಿದರೂ ಮೊದಲು ಗಡಿಯಾರ ನೋಡುತ್ತಾರೆ. ಹೆಂಗಸರಿಗೆ ಸಂಜೆ ಕೊಟ್ಟರೆ ಜನ ನಿಲ್ಲುವುದಿಲ್ಲ ಎಂದರಂತೆ. ಇವಳಿಗೆ ರೋಷ ಬಂತು. ಈ ಸಲ ಕೊಟ್ಟು ನೋಡಿ, ಜನ ನಡುವಿನಲ್ಲಿ ಎದ್ದು ಹೋದರೆ ಮುಂದೆ ನಾವು ಸಮಯವೇ ಕೇಳುವುದಿಲ್ಲ, ಮಧ್ಯಾಹ್ನದ್ದೂ ಬೇಡ ಎಂದು ಎಲ್ಲರ ಎದುರು ಹೇಳಿ ಸಂಜೆ ಪಡೆದುಕೊಂಡೇ ಬಂದಳು. ತಂಡದ ಉಳಿದ ಹೆಂಗಸರು ತಲೆಯ ಮೇಲೆ ಕೈ ಹೊತ್ತರು. ಇದ್ದ ಗೊರಕೆಯ ಸಮಯವನ್ನೂ ಇವಳು ಪಣಕ್ಕೆ ಇಟ್ಟಿದ್ದಳು.

ಅಷ್ಟರ ಮೇಲೆ ಅವಳು ಆರಿಸಿದ ಪ್ರಸಂಗ ಯಾವುದು? ರಾಮಾಯಣ ಅಲ್ಲ, ಭಾರತ ಅಲ್ಲ. ಲೈಬ್ರರಿಯಲ್ಲಿ ಸಿಕ್ಕಿದ ಒಂದು ಪುಸ್ತಕದಿಂದ, ಅಮೆರಿಕದ ಒಬ್ಬ ಕಪ್ಪು ಹಾಡುಗಾರ್ತಿಯ ಕಥೆ.

ನಾನು ಬಂಗುಡೆ ಮೀನು ಸರಿ ಮಾಡುತ್ತಿದ್ದೆ. ಅವಳು ಪಕ್ಕದಲ್ಲಿ ನಿಂತು ಹೇಳಿದಳು. ಆ ಹೆಂಗಸು ಬಡವರ ಮನೆಯಲ್ಲಿ ಹುಟ್ಟಿದ್ದು, ತಾಯಿ ಬೇರೆಯವರ ಬಟ್ಟೆ ಒಗೆಯುತ್ತಿದ್ದದ್ದು, ಇವಳು ಚಿಕ್ಕಂದಿನಿಂದ ಹಾಡಿ ಕುಣಿದು ದೊಡ್ಡ ಹೆಸರು ಮಾಡಿದ್ದು. ಸಿನಿಮಾದಲ್ಲಿ ಹಾಡಿದರೆ ಆ ಹಾಡಿನ ಭಾಗವನ್ನು ಬೇರೆಯಾಗಿ ತೆಗೆಯುತ್ತಿದ್ದರಂತೆ, ಕಪ್ಪು ಜನರನ್ನು ನೋಡಲಿಕ್ಕೆ ಒಪ್ಪದ ಊರುಗಳಲ್ಲಿ ಅದನ್ನು ಮಾತ್ರ ಕತ್ತರಿಸಿ ಉಳಿದ ಸಿನಿಮಾ ತೋರಿಸಲಿಕ್ಕೆ.

"ಬೇವಿನ ಸೊಪ್ಪು ತೆಗೆದು ಬಿಸಾಡಿದ ಹಾಗೆ" ಎಂದೆ. ನಮ್ಮಲ್ಲಿ ಒಗ್ಗರಣೆಯ ಕರಿಬೇವಿಗೆ ಹಾಗೇ ಹೇಳುವುದು.

"ಹೌದು ಅತ್ತೆ. ಪರಿಮಳ ಬೇಕು, ಎಲೆ ಬೇಡ."

ದೊಡ್ಡ ಹೊಟೇಲುಗಳಲ್ಲಿ ಅವಳ ಹಾಡಿಗೆ ಜನ ಮುಗಿಬೀಳುತ್ತಿದ್ದರಂತೆ. ಆದರೆ ಅವಳು ಬರಬೇಕಾದದ್ದು ಹಿಂದಿನ ಬಾಗಿಲಿನಿಂದ, ಅಡುಗೆಕೋಣೆಯ ಮೂಲಕ. ಅದೇ ಹೊಟೇಲಿನಲ್ಲಿ ಮಲಗಲಿಕ್ಕೆ ರೂಮು ಇಲ್ಲ. ಹಾಡು ಕೇಳಲಿಕ್ಕೆ ಬಂದ ಅವಳ ಜನರಿಗೆ ಬೇರೆ ಜಾಗ, ಇಲ್ಲವೇ ಜಾಗವೇ ಇಲ್ಲ. ಕಡೆಗೆ ಅವಳು ಒಂದು ಷರತ್ತು ಹಾಕಿದಳಂತೆ: ಎಲ್ಲರೂ ಒಂದೇ ಬಾಗಿಲಿನಿಂದ ಬಂದು ಒಟ್ಟಿಗೆ ಕೂರದಿದ್ದರೆ ಹಾಡುವುದಿಲ್ಲ. ಅದರಿಂದ ಕೆಲಸ ಹೋಯಿತು, ಸರಕಾರದ ಸಂಶಯ ಬಂತು, ಆದರೂ ಬಿಡಲಿಲ್ಲ. ವಯಸ್ಸಾದ ಮೇಲೂ ಮೆರವಣಿಗೆಗೆ ಹೋಗಿ ಭಾಷಣ ಮಾಡಿದಳು.

"ಮೆರವಣಿಗೆಗೆ ಎಂತ ಉಟ್ಟುಕೊಂಡು ಹೋದಳು?" ಎಂದು ಕೇಳಿದೆ. ಪುಸ್ತಕದಲ್ಲಿ ಇಲ್ಲ ಎಂದಳು. ಹಾಗಾದರೆ ಅದು ಗಂಡಸು ಬರೆದ ಪುಸ್ತಕ ಎಂದೆ. ಹೌದಂತೆ.

ಕಥೆ ಒಳ್ಳೆಯದೇ. ಆದರೆ ತಾಳಮದ್ದಳೆಗೆ ಎದುರಾಳಿ ಬೇಕು. ಸೊಸೆ ಹೊಟೇಲಿನ ಯಜಮಾನನನ್ನು ಎದುರಿಗೆ ಕೂರಿಸಿದಳು. ಆ ಪಾತ್ರಕ್ಕೆ ಸೊಸೈಟಿಯಲ್ಲಿ ಕೆಲಸ ಮಾಡುವ ಒಬ್ಬರು ಇದ್ದರು, ದಪ್ಪ ದನಿ, ಒಳ್ಳೆಯ ಮಾತು. ಉತ್ಸವಕ್ಕೆ ಸ್ವಲ್ಪ ದಿನ ಇರುವಾಗ ಅವರ ಮಗಳಿಗೆ ಹೆರಿಗೆಯಾಗಿ ಅವರು ಬಾಣಂತನಕ್ಕೆ ಹೋದರು. ಕೌರವ ಸಿಗುತ್ತಾನೆ, ರಾವಣ ಸಿಗುತ್ತಾನೆ, ಅಮೆರಿಕದ ಹೊಟೇಲು ಯಜಮಾನ ಎಲ್ಲಿ ಸಿಗುತ್ತಾನೆ? ಭಾಗವತಿಕೆ ಮಾಡುವ ಅಂಗನವಾಡಿ ಟೀಚರು ನನ್ನ ಮುಖ ನೋಡಿದರು. ಸೊಸೆ ಬೇರೆ ಕಡೆ ನೋಡಿದಳು.

"ಅತ್ತೆಗೆ ಮಾತು ಬರ್ತದೆ. ನಿಲ್ಲಿಸ್ಲಿಕ್ಕೆ ಬರುದಿಲ್ಲ" ಎಂದಳು.

ಅದು ಸುಳ್ಳಲ್ಲ. ಆದರೆ ಬೇರೆ ಜನ ಇರಲಿಲ್ಲ. ಹಾಗಾಗಿ ಒಪ್ಪಂದವಾಯಿತು. ತಾಳಮದ್ದಳೆಯಲ್ಲಿ ಮೊದಲೇ ಕುಳಿತು ಯಾರು ಎಲ್ಲಿಯವರೆಗೆ ಎಳೆಯುವುದು ಎಂದು ಮಾತಾಡಿಕೊಳ್ಳುವ ಕ್ರಮ ಉಂಟು. ನಾನು ಬಾಗಿಲಿನಲ್ಲಿ ತಡೆಯಬೇಕು. ಸ್ವಲ್ಪ ವಾದ ಮಾಡಬೇಕು. ಅವಳು ತನ್ನ ಷರತ್ತು ಹೇಳಿದ ಕೂಡಲೇ "ನನ್ನ ಕಣ್ಣು ತೆರೆಯಿತು ತಾಯೀ" ಎಂದು ಹೇಳಿ ಬಾಗಿಲು ಬಿಡಬೇಕು. ನಾನು ಸರಿ ಎಂದೆ. ಹೊಟೇಲು ನಡೆಸುವವನು ಅಷ್ಟು ಬೇಗ ಯಾರಿಗೂ ತಾಯೀ ಎನ್ನುವುದಿಲ್ಲ ಎಂದೂ ಹೇಳಿದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಭ್ಯಾಸದ ದಿನಗಳಲ್ಲಿ ಕಷ್ಟ ಪಟ್ಟವರು ಅಂಗನವಾಡಿ ಟೀಚರು. ನ್ಯೂಯಾರ್ಕ್ ಎಂಬ ಊರು ಯಾವ ತಾಳಕ್ಕೂ ಕೂರುತ್ತಿರಲಿಲ್ಲ. ಕಡೆಗೆ "ಪಡುಗಡಲಿನಾಚೆಯ ಮಹಾನಗರ" ಎಂದು ಹಾಕಿದರು. ಅದು ಮಂಗಳೂರಿನ ಹಾಗೆ ಕೇಳುತ್ತದೆ ಎಂದೆ. ಮಂಗಳೂರು ಕಡಲಿನ ಈಚೆ ಎಂದು ಸೊಸೆ ಹೇಳಿದಳು. ನನಗೆ ಗೊತ್ತಿತ್ತು, ಸುಮ್ಮನೆ ಹೇಳಿದ್ದು.

ಉತ್ಸವದ ಸಂಜೆ ಮಂದಿರ ತುಂಬಿತ್ತು. ಬಂಟ್ವಾಳದಿಂದ ನನ್ನ ತಂಗಿ ಬಂದಿದ್ದಳು, ಬೆಳ್ತಂಗಡಿಯಿಂದ ಸೊಸೆಯ ಮನೆಯವರು ಒಂದು ಜೀಪು ಮಾಡಿಕೊಂಡು ಬಂದಿದ್ದರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಗಡಿಯಾರ ಕಾಣುವ ಹಾಗೆ ಕೈ ಕಟ್ಟಿ ಕುಳಿತಿದ್ದರು. ನನ್ನ ಮಗ ಎಲ್ಲಕ್ಕಿಂತ ಹಿಂದೆ, ಬಾಗಿಲಿನ ಹತ್ತಿರ ನಿಂತಿದ್ದ. ಅವನು ಯಾವ ಕಾರ್ಯಕ್ರಮಕ್ಕೆ ಹೋದರೂ ಓಡಲಿಕ್ಕೆ ಆಗುವ ಜಾಗದಲ್ಲೇ ನಿಲ್ಲುವುದು.

ಸೊಸೆ ಪೀಠಿಕೆ ಶುರು ಮಾಡಿದಳು. ಪೀಠಿಕೆ ಎಂದರೆ ಪಾತ್ರ ತನ್ನನ್ನು ತಾನೇ ಸಭೆಗೆ ಪರಿಚಯ ಮಾಡಿಕೊಳ್ಳುವುದು. ಅವಳು ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಹೇಳಲಿಕ್ಕೆ ಹೊರಟಳು. ಅಮೆರಿಕದ ಚರಿತ್ರೆ, ಹಡಗಿನಲ್ಲಿ ಜನರನ್ನು ತಂದದ್ದು, ಹತ್ತಿಯ ಹೊಲ, ಕಾನೂನು, ಇನ್ನೊಂದು ಕಾನೂನು. ಎಲ್ಲ ಸತ್ಯ, ಎಲ್ಲ ಒಳ್ಳೆಯ ಕನ್ನಡ. ಆದರೆ ಅವಳು ಸಭೆಯನ್ನು ನೋಡುತ್ತಿರಲಿಲ್ಲ, ಮನಸ್ಸಿನಲ್ಲಿ ಪುಟ ತಿರುಗಿಸುತ್ತಿದ್ದಳು. ಅವಳ ಹಣೆಯಲ್ಲಿ ಬೆವರು. ಹುಟ್ಟಿದ ಊರು ಮುಗಿದು ಶಾಲೆಗೆ ಬರುವಷ್ಟರಲ್ಲಿ ಹಿಂದೆ ಒಂದು ಕುರ್ಚಿ ಕರ್ ಎಂದಿತು. ಆಮೇಲೆ ಇನ್ನೊಂದು. ಇಬ್ಬರು ಎದ್ದು ಪಂಚೆ ಸರಿ ಮಾಡಿಕೊಂಡು ಹೊರಗೆ ಚರುಮುರಿ ಗಾಡಿಯ ಕಡೆ ನಡೆದರು. ಅಧ್ಯಕ್ಷರು ತಿರುಗಿ ನೋಡಿ, ಗಡಿಯಾರ ನೋಡಿದರು.

ನನ್ನ ಸರದಿ ಬಂದಾಗ ಇನ್ನೂ ಕೆಲವರು ಏಳುವ ಅಂದಾಜಿನಲ್ಲಿ ಇದ್ದರು. ಸೊಸೆ ಒಪ್ಪಂದದ ಹಾಗೆ ಬಾಗಿಲಿಗೆ ಬಂದು ರೂಮು ಕೇಳಿದಳು. ನಾನು ಒಪ್ಪಂದದ ಹಾಗೆ ಇಲ್ಲ ಎಂದೆ. ಅವಳು ಎರಡು ಮಾತು ಹೇಳಿ ಬೇಗ ಬೇಗ ಷರತ್ತಿಗೆ ಬಂದಳು, ಹೇಗಾದರೂ ಮುಗಿಸಿ ಮನೆಗೆ ಹೋದರೆ ಸಾಕು ಎನ್ನುವ ಹಾಗೆ. ಈಗ ನಾನು ತಾಯೀ ಎನ್ನಬೇಕು. ಎಂದರೆ ಪ್ರಸಂಗ ಮುಗಿಯಿತು, ತಂಡವೂ ಮುಗಿಯಿತು.

ನಾನು ತಾಯೀ ಎನ್ನಲಿಲ್ಲ. ಕುರ್ಚಿಯಲ್ಲಿ ಸರಿಯಾಗಿ ಕುಳಿತುಕೊಂಡೆ.

"ಎಲೈ ಗಾಯಕಿ, ನಿನ್ನ ಮೇಲೆ ನನಗೆ ಎಂತ ಕೋಪವೂ ಇಲ್ಲ. ನೀನು ಒಳ್ಳೆಯವಳೇ. ನಾನೂ ಒಳ್ಳೆಯವನೇ. ಆದರೆ ನಿನ್ನನ್ನು ಒಳಗೆ ಬಿಟ್ಟರೆ ಬೇರೆ ಗಿರಾಕಿಗಳು ಎದ್ದು ಹೋಗುತ್ತಾರೆ. ಅವರನ್ನು ಕೇಳು, ಅವರೂ ಒಳ್ಳೆಯವರೇ. ಅವರಿಗೆ ಅವರ ಮನೆಯವರ ಹೆದರಿಕೆ. ಹೀಗೆ ಎಲ್ಲರೂ ಒಳ್ಳೆಯವರಾಗಿರುವಾಗ ನೀನೊಬ್ಬಳು ಹಿಂದಿನ ಬಾಗಿಲಿನಿಂದ ಬಂದರೆ ನಿನಗೆ ಹೋಗುವುದು ಏನು?"

ಇದನ್ನು ನಾನು ಕಟ್ಟಿದ್ದಲ್ಲ. ಬಂಟ್ವಾಳದಲ್ಲಿ ನಾನು ಚಿಕ್ಕವಳಿರುವಾಗ ನಮ್ಮ ಮನೆಯ ಹತ್ತಿರ ಒಂದು ಚಾದ ಹೊಟೇಲು ಇತ್ತು. ನಮ್ಮಂಥವರಿಗೆ ಅಲ್ಲಿ ಹೊರಗೆ, ತೆಂಗಿನ ಗೆರಟೆಯಲ್ಲಿ ಚಾ. ಆ ಹೊಟೇಲಿನವನು ಎಂದೂ ಬೈದವನಲ್ಲ. ನನಗೇನೂ ಇಲ್ಲ ಮಗಾ, ಗಿರಾಕಿಗಳು ಎದ್ದು ಹೋಗ್ತಾರೆ ಎಂದು ನಗುನಗುತ್ತಾ ಮೇಲಿನಿಂದ ಸುರಿಯುತ್ತಿದ್ದ. ಚಾ ಒಳ್ಳೆಯದಿತ್ತು, ಅದನ್ನೂ ಹೇಳಬೇಕು. ಅವನು ಹೇಳಿದ್ದನ್ನೇ ನಾನು ಸ್ವಲ್ಪ ಗ್ರಂಥದ ಕನ್ನಡ ಮಾಡಿ ಹೇಳಿದೆ.

ಸಭೆ ಒಮ್ಮೆ ನಕ್ಕಿತು. ಹೊರಗೆ ಹೋದವರಲ್ಲಿ ಒಬ್ಬ ಚರುಮುರಿಯ ಪೊಟ್ಟಣ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ. ಸೊಸೆ ನನ್ನನ್ನು ದುರುಗುಟ್ಟಿ ನೋಡಿದಳು. ಮನೆಯಲ್ಲಿ ಅವಳು ಹಾಗೆ ನೋಡಿದರೆ ನಾನು ದನದ ಹಟ್ಟಿಯ ಕಡೆ ಹೋಗುತ್ತೇನೆ. ಅಲ್ಲಿ ಹೋಗಲಿಕ್ಕೆ ಹಟ್ಟಿ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಮಾತು ನನ್ನಿಂದ ಬಂದ ಮೇಲೆ ಅವಳೂ ಪುಸ್ತಕ ಬಿಡಲೇಬೇಕಾಯಿತು.

"ಎಲೈ ಯಜಮಾನ, ನನ್ನ ದನಿ ನಿನ್ನ ಎದುರಿನ ಬಾಗಿಲಿನಿಂದ ಬೀದಿಗೆಲ್ಲ ಕೇಳಬಹುದು, ನನ್ನ ಕಾಲು ಆ ಬಾಗಿಲು ದಾಟಬಾರದೇ? ಹಾಡು ಬೇಕು, ಹಾಡಿದವಳು ಬೇಡ. ಕೆಲಸ ಬೇಕು, ಮಾಡಿದವಳ ಹೆಸರು ಬೇಡ. ಮಾಡಿ ಹಾಕಿದ್ದನ್ನು ಉಂಡು ಕೈ ತೊಳೆದು, ಉಪ್ಪು ಹೆಚ್ಚಾಯಿತೆಂದು ನೆರೆಮನೆಯಲ್ಲಿ ಹೇಳುವವನು ನೀನು."

ಅಮೆರಿಕದ ಹಾಡುಗಾರ್ತಿ ಯಾವಾಗ ಅಡುಗೆ ಮಾಡಿದಳೆಂದು ಯಾರೂ ಕೇಳಲಿಲ್ಲ. ಇಡೀ ಊರಿಗೇ ಅರ್ಥವಾಯಿತು. ಹೆಂಗಸರ ಬದಿಯಿಂದ ದೊಡ್ಡ ನಗೆ ಎದ್ದಿತು. ನನ್ನ ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನಾನು ಬಿಡುತ್ತೇನೆಯೇ? "ಹಾಡಲಿಕ್ಕೆ ಬಂದವಳು ಅಡುಗೆಯ ವಿಷಯ ಯಾಕೆ ತೆಗೆದೆ? ತೆಗೆದ ಮೇಲೆ ಹೇಳುತ್ತೇನೆ, ಉಪ್ಪು ಹೆಚ್ಚೇ ಇತ್ತು" ಎಂದೆ.

ಅಲ್ಲಿಂದ ಮುಂದೆ ಅದು ನ್ಯೂಯಾರ್ಕೋ, ನಮ್ಮ ಅಡುಗೆಕೋಣೆಯೋ ಎಂದು ಹೇಳುವುದು ಕಷ್ಟ. ಮನೆಯಲ್ಲಿ ಅವಳು ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. ವೇದಿಕೆಯಲ್ಲಿ ಎಲೈ ನೀಚ, ಎಲೈ ಮೂಢ, ಎಲವೋ ಕುತಂತ್ರಿ ಎಂದು ಒಂದೊಂದನ್ನೂ ಬಾಯಿ ತುಂಬ ಹೇಳಿದಳು. ಎಷ್ಟು ವರ್ಷದಿಂದ ಕಾದಿಟ್ಟಿದ್ದಳೋ. ನಾನು ಹಳೆಯ ಕಾಲದಿಂದ ನಡೆದು ಬಂದ ಕ್ರಮ ಎಂದರೆ ಅವಳು ಹಳೆಯ ಕಾಲದ ಕ್ರಮದಲ್ಲಿ ನಿನಗೂ ಹೊಟೇಲು ಇರಲಿಲ್ಲ ಎಂದಳು. ನಿನ್ನ ಜನರಿಗೆ ಬೇರೆಯೇ ಒಳ್ಳೆಯ ಜಾಗ ಮಾಡಿಕೊಡುತ್ತೇನೆ, ಫ್ಯಾನು ಹಾಕಿಸುತ್ತೇನೆ ಎಂದರೆ, ಆ ಜಾಗ ಅಷ್ಟು ಒಳ್ಳೆಯದಾದರೆ ನೀನೇ ಹೋಗಿ ಕೂರು ಎಂದಳು. ಮೆತ್ತಗಿನ ದನಿ ಎಂದು ನಾವು ತಿಳಿದುಕೊಂಡದ್ದು ಎಲ್ಲಿ ಹೋಯಿತೋ. ಹೊರಗಿದ್ದವರೆಲ್ಲ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಚರುಮುರಿಯವನೂ ಗಾಡಿ ಬಿಟ್ಟು ಬಂದ. ಅಧ್ಯಕ್ಷರು ಗಡಿಯಾರದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದರು.

ಆದರೆ ಒಂದು ತೊಂದರೆಯಾಯಿತು. ನನ್ನನ್ನು ಸೋಲಿಸಲಿಕ್ಕೆ ಅವಳಿಗೆ ಆಗಲಿಲ್ಲ. ಅವಳು ಒಂದು ಹೇಳಿದರೆ ನನ್ನ ಬಾಯಿಯಲ್ಲಿ ಎರಡು ಇರುತ್ತಿತ್ತು. ಹೊಟೇಲಿನವನ ನ್ಯಾಯಕ್ಕೆ ಕೊನೆ ಇಲ್ಲ; ಚಾದ ಹೊಟೇಲಿನ ಹೊರಗೆ ನಿಂತವರಿಗೆ ಅದು ಗೊತ್ತು. ಕಥೆ ಹೀಗೇ ಹೋದರೆ ಅಮೆರಿಕದಲ್ಲಿ ಕಪ್ಪು ಜನರಿಗೆ ಬಾಗಿಲು ತೆರೆಯುವುದೇ ಇಲ್ಲ ಎಂದು ನನಗೂ ಸ್ವಲ್ಪ ಹೆದರಿಕೆಯಾಯಿತು. ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಅಂಗನವಾಡಿ ಟೀಚರು ಉಪಾಯ ಮಾಡಿದರು. ಭಾಗವತರು ಮುಂದಿನ ಪದ್ಯ ಎತ್ತಿದರೆ ಮಾತಾಡುವವರು ಬಾಯಿ ಮುಚ್ಚಲೇಬೇಕು, ಎಷ್ಟು ದೊಡ್ಡ ಕಲಾವಿದನಾದರೂ. ಅವರು ತಾಳ ಎತ್ತಿದರು, ಚೆಂಡೆಯವಳು ಕೋಲು ಎತ್ತಿದಳು.

ಸೊಸೆ ಕೈ ಅಡ್ಡ ಹಿಡಿದಳು.

"ಪದ್ಯ ಬೇಡ" ಎಂದಳು. "ಈ ಸಭೆಯಲ್ಲಿ ಹಿಂದಿನ ಬಾಗಿಲಿನಿಂದ ಬಂದವರು ಒಬ್ಬರಿದ್ದರೂ ನನ್ನ ಹಾಡು ಇಲ್ಲ. ಚೆಂಡೆ ಇಲ್ಲ, ಮದ್ದಳೆ ಇಲ್ಲ. ಯಜಮಾನ, ಗಿರಾಕಿಗಳು ನಿನ್ನವರು, ಸಭೆ ನಿನ್ನದು. ಈಗ ನೀನೇ ಹಾಡು."

ಹೇಳಿ ಸೆರಗು ಹೊದ್ದುಕೊಂಡು ಕುಳಿತುಬಿಟ್ಟಳು.

ತಾಳಮದ್ದಳೆಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಮಾತು ಮುಗಿದರೆ ಪದ್ಯ, ಪದ್ಯ ಮುಗಿದರೆ ಮಾತು. ಎರಡೂ ಇಲ್ಲದ ವೇದಿಕೆಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಹಾಡು ನನ್ನಿಂದ ಆಗುವುದಿಲ್ಲ. ನಾನು ಹಾಡಿದರೆ ದನ ಕೂಡ ಹಗ್ಗ ಎಳೆಯುತ್ತದೆ. ಟಿಕೇಟು ಕೊಂಡವರಿಗೆ ಅನ್ಯಾಯ ಎಂದೆ. ಅವಳು ಸುಮ್ಮನೆ. ಒಪ್ಪಿಕೊಂಡ ಮೇಲೆ ಹಾಡುವುದು ಧರ್ಮ ಎಂದೆ. ಸುಮ್ಮನೆ. ವಾದ ಮಾಡಲಿಕ್ಕೆ ಎದುರಿನಿಂದ ಏನಾದರೂ ಬರಬೇಕಲ್ಲ, ಗೋಡೆಯ ಹತ್ತಿರ ಎಷ್ಟು ಹೊತ್ತು ವಾದ ಮಾಡುವುದು? ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಮಂದಿರದ ಫ್ಯಾನು ಟಕಟಕ ಎನ್ನುವುದು ಕೇಳುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಆಗ ಹಿಂದಿನಿಂದ, ಬಾಗಿಲಿನ ಹತ್ತಿರದಿಂದ ಒಂದು ದನಿ ಬಂತು.

"ಅಮ್ಮ, ಸಾಕು. ಅವಳನ್ನು ಒಳಗೆ ಬಿಡಿ."

ನನ್ನ ಮಗ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ಏನೇ ಆದರೂ ಪೇಪರು ಅಡ್ಡ ಹಿಡಿದು ಕುಳಿತವನು. ಮೊದಲ ಸಲ ಬಾಯಿ ತೆರೆದದ್ದು ಅಮೆರಿಕದ ಕಪ್ಪು ಜನರಿಗಾಗಿ. ಸಭೆ ಮೊದಲು ತಿರುಗಿ ಅವನನ್ನು ನೋಡಿತು, ಆಮೇಲೆ ನಗಲಿಕ್ಕೆ ಶುರು ಮಾಡಿತು, ನಗೆ ನಿಲ್ಲಲೇ ಇಲ್ಲ. ಅವನು ಹೊರಗೆ ಓಡಿದ.

ನಾನು ಎದ್ದು ನಿಂತೆ. ತಾಳಮದ್ದಳೆಯಲ್ಲಿ ಎದ್ದು ನಿಲ್ಲುವ ಕ್ರಮವೂ ಇಲ್ಲ. "ಗಾಯಕಿ, ಎದುರಿನ ಬಾಗಿಲು ತೆಗೆದಿದ್ದೇನೆ. ನಿನ್ನವರನ್ನೂ ಕರೆದುಕೊಂಡು ಬಾ. ಎದ್ದು ಹೋಗುವ ಗಿರಾಕಿಗಳು ಹೋಗಲಿ, ಅವರ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ" ಎಂದೆ. ತಾಯೀ ಎನ್ನಲಿಲ್ಲ. ಟೀಚರು ಪದ್ಯ ಎತ್ತಿದರು. ಅಷ್ಟು ಹೊತ್ತು ತಡೆದಿಟ್ಟದ್ದಕ್ಕೋ ಏನೋ, ಅವರ ದನಿ ಹಾಗೆ ಏರಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಮನೆಗೆ ಬರುವಾಗ ಸೊಸೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಕಾಲು ತೊಳೆಯುವಾಗ ಕೇಳಿದಳು, ಒಪ್ಪಂದ ಎಂತ ಇತ್ತು ಅತ್ತೆ ಎಂದು. ಜನ ಏಳುತ್ತಿದ್ದರಲ್ಲ ಎಂದೆ. ಅದು ನನಗೂ ಕಾಣ್ತಿತ್ತು ಎಂದಳು. ಅಷ್ಟೇ. ಥ್ಯಾಂಕ್ಸು ಹೇಳಲಿಲ್ಲ. ಉಪ್ಪಿನ ವಿಷಯಕ್ಕೆ ನಾನೂ ಏನೂ ಹೇಳಲಿಲ್ಲ.

ಸ್ವಲ್ಪ ದಿನ ಕಳೆದು ಅಧ್ಯಕ್ಷರು ಮನೆಗೆ ಬಂದರು. ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ತೋಡಾರಿನಲ್ಲಿ ರಸ್ತೆ ಅಗೆದದ್ದು, ಮಳೆ, ಎಲ್ಲ ಮಾತಾಡಿದರು. ಆಮೇಲೆ, ಮುಂದಿನ ವರ್ಷ ಹೆಂಗಸರಿಗೆ ನಾಲ್ಕು ಗಂಟೆಗೆ ಕೊಡುವ ಎಂದರು. ಸೊಸೆ ಏನೂ ಹೇಳಲಿಲ್ಲ. ಲೋಟ ತೆಗೆದಿಟ್ಟು ಬಂದು ಕುಳಿತಳು. ಅಧ್ಯಕ್ಷರು ಕೆಮ್ಮಿ, ಐದು ಗಂಟೆ ಆದರೂ ಆದೀತು ಎಂದರು. ಅವಳು ಅಂಗಳ ನೋಡಿದಳು. ನಾನು ಬಾಯಿ ಹಾಕಲಿಕ್ಕೆ ಹೊರಟೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ನಾನು ಎಲೆಯಡಿಕೆ ಬಾಯಿಗೆ ಹಾಕಿಕೊಂಡೆ.

"ಗಂಡಸರ ತಂಡದವರನ್ನು ಕೇಳ್ಬೇಕಾಗ್ತದೆ" ಎಂದರು ಅಧ್ಯಕ್ಷರು.

ಸೊಸೆ ಸುಮ್ಮನೆ.

"ಕೇಳಿದ್ರೆ ಅವರು ಬೇಡ ಹೇಳ್ಲಿಕ್ಕಿಲ್ಲ."

ಸುಮ್ಮನೆ. ಪಾಪ ಮನುಷ್ಯ, ಅವರ ಹಣೆಯನ್ನು ನಾನು ನೋಡುತ್ತಿದ್ದೆ. ಆ ಕಡೆ ಕುಳಿತು ಬೆವರುವುದು ಹೇಗೆಂದು ನನಗೆ ಗೊತ್ತಿತ್ತು. ಕಡೆಗೆ ಅವರೇ ಏಳು ಗಂಟೆ ಎಂದರು. ದೀಪ ಹಾಕಿ, ಪೂರ್ತಿ ಮೈಕು ಕೊಟ್ಟು, ಗಂಡಸರ ತಂಡಕ್ಕೆ ಆ ವರ್ಷ ಮಧ್ಯಾಹ್ನ.

"ಆಗಬಹುದು" ಎಂದಳು ಸೊಸೆ.

ಅವರು ಹೋದ ಮೇಲೆ ಗಂಡಸರು ಮಧ್ಯಾಹ್ನ ಊಟವಾದ ಮೇಲೆ ಯಾವ ಪ್ರಸಂಗ ಮಾಡುತ್ತಾರೋ, ಯಾರು ಕೇಳುತ್ತಾರೋ ಎಂದೆ. ಅವಳು ಉತ್ತರ ಕೊಡಲಿಲ್ಲ. ಈಗೀಗ ಅವಳು ಮನೆಯಲ್ಲಿ ಜಗಳ ಮಾಡುವುದು ಕಡಿಮೆ, ಸುಮ್ಮನಿರುವುದು ಹೆಚ್ಚು. ಮೊನ್ನೆ ಬೆಳಿಗ್ಗೆಯಿಂದ ಒಂದೂ ಮಾತಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಿಕ್ಕೆ ಆಗದೆ, ನೆರೆಮನೆಗೆ ಹೋಗಿ ಅವಳ ಮೀನುಸಾರು ಒಳ್ಳೆಯದಾಗಿತ್ತು ಎಂದು ಹೇಳಿ ಬಂದೆ.